ಮೂರನೇ ಔಟು

ಗೋಡೆಯ ಉಪ್ಪು ನಾಲಗೆಗೆ ತಾಗಿದ ಕೂಡಲೇ ಏನೂ ಅನ್ನಿಸುವುದಿಲ್ಲ. ಒಂದು ಕ್ಷಣ ಬಿಟ್ಟು ತಂಪು ಹತ್ತುತ್ತದೆ, ನೆರಳಲ್ಲಿರುವ ಬಾವಿಕಲ್ಲಿಗೆ ನಾಲಗೆ ಇಟ್ಟ ಹಾಗೆ. ಆಮೇಲೆ ಸಣ್ಣಗೆ ಕಹಿ. ಸವದತ್ತಿಯ ಕಾಲೇಜಿಗೆ ಪಾಠ ಹೇಳಲು ಬಂದ ವರ್ಷ, ಮಳೆ ಮುಗಿದು ಬಿಸಿಲು ಬಿದ್ದ ಮೊದಲ ವಾರದಲ್ಲಿ, ನನ್ನ ಬಾಡಿಗೆ ಮನೆಯ ಹಿತ್ತಿಲ ಮಣ್ಣಿನ ಗೋಡೆ ಬುಡದಲ್ಲಿ ಬೆಳ್ಳಗೆ ಹೂ ಬಿಟ್ಟಿತ್ತು, ಯಾರೋ ಜೋಳದ ಹಿಟ್ಟು ಉದುರಿಸಿ ಹೋದಂತೆ. ಬಟ್ಟೆ ಒಣಹಾಕಲು ಹೋದವಳು ಬಗ್ಗಿದೆ, ಬೆರಳು ಒದ್ದೆ ಮಾಡಿ ಒತ್ತಿದೆ, ಬಾಯಿಗಿಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಯೋಚಿಸುವ ಮೊದಲೇ ಕೈ ಅದನ್ನು ಮಾಡಿ ಮುಗಿಸಿತ್ತು. ಮನೆಯೊಡತಿ ಮಹಡಿಯಿಂದ ನೋಡುತ್ತಿದ್ದಳು. "ಯಾಕ್ರಿ ಮೇಡಮ್ಮಾರ, ಗ್ವಾಡಿ ನೆಕ್ಕಾಕ ಹತ್ತೀರಿ? ಏನರ ಸಿಹಿ ಸುದ್ದಿ ಐತೇನ್ರಿ?" ಎಂದು ಕೂಗಿ ನಕ್ಕಳು. ನಾನೂ ನಕ್ಕೆ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಹತ್ತು ವರ್ಷಗಳ ಹಿಂದಿನ ಸಿಟ್ಟು. ಅದು ಯಾರ ಮೇಲೆ ಎಂದು ಅಂದು ನನಗೆ ಖಚಿತವಾಗಿ ಗೊತ್ತಿತ್ತು. ಈಗ ಅಷ್ಟು ಖಚಿತವಿಲ್ಲ. ಆದರೆ ಸಿಟ್ಟು ಮಾತ್ರ ಒಂದಿಷ್ಟೂ ಇಳಿದಿಲ್ಲ.

ಬೈಲಹೊಂಗಲದ ನಮ್ಮ ಓಣಿಯ ಕೊನೆಯಲ್ಲಿ, ಗರಡಿಮನೆ ದಾಟಿದ ಮೇಲೆ, ಬೇರೆ ಮನೆಗಳಿಂದ ಒಂದಿಷ್ಟು ದೂರ ಸರಿದು ನಿಂತ ಮನೆಯೊಂದಿತ್ತು. ಅದು ಹುಸೇನಸಾಬರ ಮನೆ. ಅವರನ್ನು ಯಾರೂ ಆ ಹೆಸರಿನಿಂದ ಕರೆದದ್ದು ನನಗೆ ನೆನಪಿಲ್ಲ. ಊರಿಗೆಲ್ಲ ಅವರು ಮದ್ದಿನಜ್ಜ. ಮದುವೆಗೆ, ಮೊಹರಮ್ಮಿಗೆ, ಗಣಪತಿ ಕಳಿಸುವುದಕ್ಕೆ ಬಿರುಸು, ಬಾಣ, ಔಟು ಮಾಡಿಕೊಡುವ ಮನೆತನ. ಔಟು ಎಂದರೆ ಮೊಳಕೈ ಉದ್ದದ ಕಬ್ಬಿಣದ ನಳಿಗೆ. ನೆಲಕ್ಕೆ ಹೂತು, ಮದ್ದು ಜಡಿದು, ಬತ್ತಿಗೆ ಕಿಡಿ ಮುಟ್ಟಿಸಿದರೆ ಎದೆಯೊಳಗೆ ಯಾರೋ ಗುದ್ದಿದಂಥ ಸದ್ದು ಬರುತ್ತದೆ. ಆ ಮನೆಯಲ್ಲಿ ಅಜ್ಜ, ಅವರ ಹೆಂಡತಿ ಖಾತೂನಮ್ಮ, ಟೆಂಪೊ ಹೊಡೆಯುವ ಮಗ ಮಕ್ತುಮ ಕಾಕಾ, ತಾಯಿಯಿಲ್ಲದ ಮೊಮ್ಮಗಳು ಶಮಶಾದ್ ಇದ್ದರು. ಶಮಶಾದ್ ನನ್ನ ಕ್ಲಾಸು. ಸಾಲೆ ಬಿಟ್ಟ ಕೂಡಲೇ ನಾನು ನಮ್ಮ ಮನೆಗೆ ಪಾಟಿಚೀಲ ಎಸೆದು ಅವರ ಮನೆಗೆ ಓಡುತ್ತಿದ್ದೆ. ಅಂಗಳದ ಬಾಗಿಲಿಗೆ ಒಂದು ಮರದ ಗೂಟವಿತ್ತು. ಒಳಗೆ ಹೋಗುವ ಮೊದಲು ಕಾಲ್ಗೆಜ್ಜೆ ಬಿಚ್ಚಿ ಅದಕ್ಕೆ ಸಿಕ್ಕಿಸಬೇಕು, ಚಪ್ಪಲಿ ಹೊರಗೆ ಬಿಡಬೇಕು. ಮದ್ದು ಅರೆಯುವ ಕಲ್ಲಿನ ಹತ್ತಿರ ಲೋಹ ಲೋಹಕ್ಕೆ ತಾಗಬಾರದು, ಒಂದು ಕಿಡಿ ಸಾಕು. ನನ್ನದು ಮತ್ತು ಶಮಶಾದಳದು ಎರಡು ಜೊತೆ ಗೆಜ್ಜೆ ಆ ಗೂಟಕ್ಕೆ ಜೋತಾಡುತ್ತಿದ್ದುದು, ಗಾಳಿ ಬಂದಾಗ ತಮ್ಮಷ್ಟಕ್ಕೆ ಸಣ್ಣಗೆ ಉಲಿಯುತ್ತಿದ್ದುದು, ಇದು ನಾನು ಕಟ್ಟಿಕೊಂಡ ನೆನಪಲ್ಲ. ಇದರ ಮೇಲೆ ನನಗೆ ಯಾವ ಅನುಮಾನವೂ ಇಲ್ಲ.

ಮದ್ದಿಗೆ ಮೂರು ಬೇಕು: ಇದ್ದಿಲು, ಗಂಧಕ, ಪೆಟ್ಲುಪ್ಪು. ಇದ್ದಿಲನ್ನು ಅಜ್ಜ ತೊಗರಿ ಕಟ್ಟಿಗೆಯಿಂದ ಮಾಡುತ್ತಿದ್ದರು, ಗಂಧಕವನ್ನು ಬೆಳಗಾವಿಯಿಂದ ತರುತ್ತಿದ್ದರು. ಪೆಟ್ಲುಪ್ಪು ಕೂಡ ಆಗ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಅಜ್ಜ ಅಂಗಡಿಯ ಉಪ್ಪನ್ನು ಮುಟ್ಟುತ್ತಿರಲಿಲ್ಲ. ಕಿತ್ತೂರಿನ ಯುದ್ಧದ ನೆನಪಿಗೆ ನಮ್ಮ ಓಣಿಯ ಹುಡುಗರು ಪಂಜು ಹಿಡಿದು ಕಿತ್ತೂರಿಗೆ ನಡೆದು ಹೋಗುವ ದಿನವೊಂದಿತ್ತು. ಅವರು ಹೊರಡುವಾಗ ಗರಡಿಮನೆಯ ಮುಂದೆ ಮೂರು ಔಟು ಹಾರಿಸುವುದು ಅಜ್ಜನ ಮನೆತನದ ಹಕ್ಕು. ಅವರ ಮುತ್ತಜ್ಜನ ಅಪ್ಪನೋ ಅಜ್ಜನೋ ಕೋಟೆಯೊಳಗೆ ಮದ್ದು ಕಾಯ್ದವನಂತೆ. ಆ ಮೂರು ಔಟಿಗೆ ಅಜ್ಜ ತಾವೇ ಉಪ್ಪು ತೆಗೆಯುತ್ತಿದ್ದರು. "ಅಂಗಡಿ ಉಪ್ಪು ಲಗ್ನಕ್ಕ, ಮನಿ ಉಪ್ಪು ಸಲಾಮಿಗೆ" ಎನ್ನುತ್ತಿದ್ದರು. ಮನೆ ಉಪ್ಪು ಎಲ್ಲಿಂದ ಬರುತ್ತಿತ್ತು? ನಮ್ಮ ಕೊಟ್ಟಿಗೆಯಿಂದ. ಎರಡು ಎಮ್ಮೆ, ಒಂದು ಹಸುವಿನ ಉಚ್ಚೆ ಸಗಣಿ ವರ್ಷಗಟ್ಟಲೆ ಇಂಗಿದ, ಗ್ವಾದಲಿಯ ಎಂದರೆ ದನ ಮೇವು ತಿನ್ನುವ ತೊಟ್ಟಿಯ ಬುಡದ ಮಣ್ಣು ಮಳೆ ಮುಗಿದ ಮೇಲೆ ಬೆಳ್ಳಗಾಗುತ್ತಿತ್ತು. ಅಜ್ಜ ಬುಟ್ಟಿ ಹಿಡಿದು ಬರುತ್ತಿದ್ದರು, ಕುಕ್ಕರಗಾಲಲ್ಲಿ ಕೂತು ಮರದ ಸಲಿಕೆಯಿಂದ ಗೀರುತ್ತಿದ್ದರು, ಚಿಟಿಕೆ ಮಣ್ಣು ನಾಲಗೆಗಿಟ್ಟು ಕಣ್ಣು ಮುಚ್ಚುತ್ತಿದ್ದರು, ಆಮೇಲೆ ನನ್ನನ್ನು ಕರೆಯುತ್ತಿದ್ದರು: "ಸುಮವ್ವಾ, ನಾಲಿಗಿ ಚಾಚು. ತಂಪ ಹತ್ತಿತೇನು? ಹತ್ತಿತಿಲ್ಲಾ? ಅದ ಉಪ್ಪು." ನಮ್ಮ ಅವ್ವ ಬಾಗಿಲಲ್ಲಿ ನಿಂತು, "ವರ್ಷ ವರ್ಷ ಕೆರದು ಕೆರದು ನಮ್ಮ ಗ್ವಾಡಿ ಸಣ್ಣ ಮಾಡಿಟ್ರಿ ನೋಡ್ರಿ ಅಜ್ಜಾರ" ಎಂದರೆ ಅಜ್ಜ ತಲೆ ಎತ್ತದೆ, "ಏನ್ ಮಾಡೂದ್ರಿ ಬಾಯಾರ, ಕಿತ್ತೂರ ಕೋಟಿ ನಿಮ್ಮ ಎಮ್ಮಿ ಉಚ್ಚಿ ಒಳಗ ಕುಂತೈತಿ" ಎನ್ನುತ್ತಿದ್ದರು. ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಆ ಮಣ್ಣನ್ನು ನೀರಿನಲ್ಲಿ ಇಳಿಸಿ, ಸೋಸಿ, ಕುದಿಸಿ, ತಣಿಯಲು ಬಿಟ್ಟರೆ ಮರುದಿನ ಬೆಳಿಗ್ಗೆ ಪಾತ್ರೆಯ ತಳದಲ್ಲಿ ಗಾಜಿನ ಸೂಜಿಗಳಂಥ ಹರಳು ನಿಂತಿರುತ್ತಿದ್ದವು. ಸಗಣಿಯ ವಾಸನೆ ಎಲ್ಲಿಗೆ ಹೋಯಿತು ಎಂದು ನಾವಿಬ್ಬರೂ ಮೂಸಿ ಮೂಸಿ ನೋಡುತ್ತಿದ್ದೆವು. ಅರೆದ ಮದ್ದು ಒಣಗಿದ ದಿನ ಅಜ್ಜ ಪರೀಕ್ಷೆ ಮಾಡುತ್ತಿದ್ದರು. ಬಿಳಿ ಹಾಳೆಯ ಮೇಲೆ ಚಿಟಿಕೆ ಮದ್ದು ಇಟ್ಟು ಊದುಬತ್ತಿಯ ಕೆಂಡ ಮುಟ್ಟಿಸುವುದು. ಫಸ್ಸೆಂದು ಬೆಳ್ಳನೆ ಹೊಗೆ ಏಳುತ್ತಿತ್ತು. ಮದ್ದು ಚೆನ್ನಾಗಿದ್ದರೆ ಹಾಳೆಗೆ ಬಿಸಿ ತಾಗುವ ಮೊದಲೇ ಉರಿದು ಮುಗಿದಿರುತ್ತದೆ. ಹಾಳೆ ಸುಡುವುದಿಲ್ಲ, ಕಪ್ಪಾಗುವುದೂ ಇಲ್ಲ. ಕೆಟ್ಟ ಮದ್ದು ನಿಧಾನವಾಗಿ ಉರಿದು ಹಾಳೆಗೆ ತೂತು ಮಾಡುತ್ತದೆ. "ಹಾಳಿ ಸುಟ್ರ ಮದ್ದು ಸುಳ್ಳು, ಹಾಳಿ ಉಳಿದ್ರ ಮದ್ದು ಖರೆ. ತಿಳೀತಿಲ್ಲೊ?" ಎಂದು ಅಜ್ಜ ನಮ್ಮಿಬ್ಬರ ಮೂಗಿನ ಮುಂದೆ ಹಾಳೆ ಆಡಿಸುತ್ತಿದ್ದರು. ತಿಳಿದಿತ್ತು. ಓಣಿಯಲ್ಲಿ ನಮ್ಮಿಬ್ಬರಿಗೆ ಮಾತ್ರ ತಿಳಿದಿತ್ತು ಎಂದು ಮುಂದೆ ಗೊತ್ತಾಯಿತು.

ಯುದ್ಧದ ಕತೆಯನ್ನು ನಾನು ಎರಡು ಮನೆಗಳಲ್ಲಿ ಕೇಳಿದೆ. ನಮ್ಮ ಮನೆಯಲ್ಲಿ ಅಪ್ಪ ಹೇಳುತ್ತಿದ್ದರು. ನಮ್ಮದು ಶಾಸ್ತ್ರಿಗಳ ಮನೆ. ತಾತ ಪಂಚಾಂಗ ನೋಡುತ್ತಿದ್ದರು, ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಅಪ್ಪನ ಕತೆಯಲ್ಲಿ ಒಂದು ಕಡೆ ರಾಣಿ ಮತ್ತು ನಾವು, ಇನ್ನೊಂದು ಕಡೆ ಬಿಳಿಯರು. ಮೊದಲ ಸಲ ನಾವು ಗೆದ್ದೆವು. ಒಂದೂವರೆ ತಿಂಗಳೊಳಗೆ ಅವರು ದೊಡ್ಡ ಫೌಜು, ದೊಡ್ಡ ತೋಪು ತಂದರು, ಕೋಟೆ ಬಿತ್ತು. ಯಾಕೆ ಬಿತ್ತು? ಅಪ್ಪ ಇಲ್ಲಿ ದನಿ ತಗ್ಗಿಸುತ್ತಿದ್ದರು: "ದ್ರೋಹ. ನಮ್ಮವರ ಮದ್ದಿನಾಗ ಸಗಣಿ ಬೆರಸಿದ್ರು." ಈ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನಿಜವೋ ಸುಳ್ಳೋ, ಇತಿಹಾಸದಲ್ಲಿ ಎಂ.ಎ. ಮಾಡಿದ ಮೇಲೂ ನಾನು ಹೇಳಲಾರೆ. ಖಾತೂನಮ್ಮನ ಕತೆ ಬೇರೆ ಇತ್ತು. ಆಕೆ ತೊಗರಿ ಕಟ್ಟಿಗೆ ಮುರಿಯುತ್ತ ಹೇಳುತ್ತಿದ್ದಳು. ಅವರ ಮನೆತನದ ಆ ಹಿರಿಯನಿಗೆ ಒಬ್ಬ ತಮ್ಮನಿದ್ದ. ಅಣ್ಣ ಕೋಟೆಯೊಳಗೆ ಮದ್ದು ಕಾಯುತ್ತಿದ್ದ, ತಮ್ಮ ಹೊಟ್ಟೆಪಾಡಿಗೆ ಕಂಪನಿಯ ಪಲ್ಟನ್ನಿಗೆ ಸೇರಿ ಕೋಟೆಯ ಹೊರಗೆ ನಿಂತಿದ್ದ. "ಹೊರಗ ಇದ್ದಾವ್ರೆಲ್ಲಾ ಬಿಳೀ ಮಂದಿ ಅಂತ ತಿಳದೀ ಏನು? ಅವ್ರು ಎಷ್ಟ ಇದ್ದಾರು, ಮುಷ್ಟಿ ತುಂಬ. ಉಳದಾವ್ರು ನಮ್ಮಂಥಾವ್ರ. ರೊಟ್ಟಿ ತಿನ್ನಾವ್ರು." ಇಬ್ಬರೂ ಸತ್ತರು, ಒಂದೇ ದಿನವಂತೆ. ಕೋಟೆ ಬಿದ್ದದ್ದು ಯಾಕಮ್ಮ ಎಂದು ಕೇಳಿದರೆ ಆಕೆ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ: "ಮದ್ದು ಕೆಟ್ಟಿರಲಿಲ್ಲ ಕೂಸ. ತೀರಿತ್ತು."

ಮೂರು ಔಟುಗಳ ಲೆಕ್ಕವೂ ಆಕೆಯೇ ಹೇಳಿದ್ದು. ಮೊದಲನೆಯದು ರಾಣಿಗೆ. ಎರಡನೆಯದು ಕೋಟೆಯೊಳಗೆ ಸತ್ತವರಿಗೆ. ಮೂರನೆಯದು ಊರಿನ ಒಳಿತಿಗೆ ಎಂದು ಓಣಿಯವರು ತಿಳಿದಿದ್ದರು. ಅದು ಹೊರಗೆ ನಿಂತು ಸತ್ತ ತಮ್ಮನಿಗೆ, ಅವನಂಥವರಿಗೆ. ಎರಡನೆಯ ಮತ್ತು ಮೂರನೆಯ ಔಟಿನ ನಡುವೆ ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಬತ್ತಿ ಹಸಿಯಾಗಿದೆಯೇನೋ ಎಂದು ಜನ ಅಂದುಕೊಳ್ಳುತ್ತಿದ್ದರು. ನಾನು ಒಮ್ಮೆ ಅಜ್ಜನನ್ನೇ ಕೇಳಿದ್ದೆ. "ಹೊರಗಿನಾವ್ರಿಗೆ ದಾರಿ ದೂರ ಐತೆವಾ. ಬಂದು ಮುಟ್ಟಬೇಕಲ್ಲ. ತುಸು ತಡೀಬೇಕು" ಎಂದಿದ್ದರು. ಇದನ್ನು ಯಾರಿಗೂ ಹೇಳಬೇಡ ಎಂದು ಶಮಶಾದ್ ನನ್ನ ಕೈ ಹಿಡಿದು ಆಣೆ ಹಾಕಿಸಿದ್ದಳು.

ನಾನು ಏಳನೆಯ ಇಯತ್ತೆಯಲ್ಲಿದ್ದ ವರ್ಷ ಓಣಿಯವರು ಪಂಜು ಹೊರಡುವ ಮೊದಲು ಒಂದು ನಾಟಕ ಆಗಲಿ ಎಂದರು. ಬರೆಯುವ ಕೆಲಸ ಅಪ್ಪನಿಗೆ ಬಂತು. ಅಪ್ಪ ಬರೆದರು, ನಾನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿದೆ. ದ್ರೋಹದ ದೃಶ್ಯ ಬಂದಾಗ ಅಪ್ಪ ಎರಡು ದಿನ ಪೆನ್ನು ಹಿಡಿದು ಸುಮ್ಮನೆ ಕೂತರು. ಊರ ಬಾಯಲ್ಲಿರುವ ಕತೆಯ ಪ್ರಕಾರ ದ್ರೋಹ ಮಾಡಿದವರು ಆಸ್ಥಾನದ ದೊಡ್ಡ ಮಂದಿ. ದೊಡ್ಡವರ ಹೆಸರು ಎತ್ತಿದರೆ ಇಂದಿನ ದೊಡ್ಡವರಲ್ಲಿ ಯಾರಾದರೂ, ನಮ್ಮ ಮನೆತನದ ಮೇಲೆ ಗೂಬೆ ಕೂರಿಸುತ್ತೀಯಾ ಎಂದು ಕೇಳಬಹುದು. ಅಪ್ಪ ಜಾಣರು. ದೊಡ್ಡವರನ್ನು ಬಿಟ್ಟರು. ಹೆಸರಿಲ್ಲದ ಒಬ್ಬ ಮದ್ದಿನವನನ್ನು ತಂದರು. ಅವನು ಬುಟ್ಟಿ ಹೊತ್ತು ಬರುತ್ತಾನೆ, ಮದ್ದಿಗೆ ಸಗಣಿ ಸುರಿಯುತ್ತಾನೆ, ಬಿಳಿಯ ಸಾಹೇಬನಿಗೆ ಸಲಾಮು ಹೊಡೆಯುತ್ತಾನೆ. ಅಷ್ಟು ದೊಡ್ಡ ಯುದ್ಧ, ಎರಡೂ ಕಡೆ ಅಷ್ಟು ಹೆಣ, ಒಡಹುಟ್ಟಿದವರು ಒಬ್ಬರಿಗೊಬ್ಬರು ಗುರಿ ಹಿಡಿದ ಆ ಡಿಸೆಂಬರಿನ ದಿನಗಳು, ಎಲ್ಲವೂ ಒಂದು ಬುಟ್ಟಿಯೊಳಗೆ ಹಿಡಿಸಿಬಿಟ್ಟವು. ಸೋಲನ್ನು ಹೊರಲು ಯಾವಾಗಲೂ ಒಬ್ಬ ಕೈಲಾಗದವನು ಬೇಕು. ಗೆಲುವನ್ನು ಹೊರಲು ಮಾತ್ರ ಊರೇ ಹೆಗಲು ಕೊಡುತ್ತದೆ.

ಆ ಬುಟ್ಟಿ ಅಜ್ಜನ ಬುಟ್ಟಿ. ಅಂಚು ಬಿಚ್ಚಿದಲ್ಲಿ ಖಾತೂನಮ್ಮ ಹಸಿರು ಖಣದ ತುಂಡು ಸುತ್ತಿ ಹೊಲಿದಿದ್ದಳು. ಓಣಿಯಲ್ಲಿ ಅದನ್ನು ನೋಡದವರಿಲ್ಲ. ನಾನು ಹೋಗಿ ಕೇಳಿದೆ, ನಾಟಕಕ್ಕೆ ಬೇಕು ಎಂದೆ. ಖಾತೂನಮ್ಮ ಬುಟ್ಟಿಯನ್ನು ಜಾಡಿಸಿ, ಒರೆಸಿ, "ನಮ್ಮ ಬುಟ್ಟಿನೂ ನಾಟಕದಾಗ ಪಾರ್ಟು ಮಾಡತೈತೇನು? ನೋಡ್ರಿ, ನಮಗಿಂತ ಅದರ ನಸೀಬ ಛಲೋ" ಎಂದು ಅಜ್ಜನಿಗೆ ಕೂಗಿ ಹೇಳಿ ನನ್ನ ಕೈಗೆ ಕೊಟ್ಟಳು. ಬುಟ್ಟಿಯನ್ನು ಅಪ್ಪ ತರಿಸಿದರು, ನಾನು ಹೇಳಿದ ಮಾತು ಕೇಳುವ ಮಗಳಾಗಿ ತಂದುಕೊಟ್ಟೆ ಎಂದು ನಾನು ಹತ್ತು ವರ್ಷ ನಂಬಿದ್ದೆ.

ನಾಟಕ ಮಧ್ಯಾಹ್ನ ಮೂರಕ್ಕೆ, ಗರಡಿಮನೆಯ ಕಟ್ಟೆಯ ಮೇಲೆ. ಅಜ್ಜ ಬಿಳಿ ಅಂಗಿ ತೊಟ್ಟು, ತಲೆಗೆ ಇಸ್ತ್ರಿ ಮಾಡಿದ ಪಟಗ ಸುತ್ತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾಟಕ ಮುಗಿದ ಕೂಡಲೇ ಅವರ ಸಲಾಮಿ. ಪಕ್ಕದ ಬಯಲಿನಲ್ಲಿ ಮೂರು ನಳಿಗೆ ಹೂತಿದ್ದವು, ಮದ್ದಿನ ಡಬ್ಬಿ ಅವರ ಮಡಿಲಲ್ಲಿತ್ತು. ನಾನು ಹಾಳೆಗಳನ್ನು ಹಿಡಿದು ಪರದೆಯ ಸಂದಿಯಿಂದ ಮಾತು ಮರೆತವರಿಗೆ ನೆನಪಿಸುತ್ತಿದ್ದೆ. ಮದ್ದಿನವನ ವೇಷದವನು ಬುಟ್ಟಿ ಹೊತ್ತು ಬಂದ. ಆಮೇಲೆ ಹಿಂದಿನಿಂದ ಒಬ್ಬ ಕೂಗಿದ: "ಮದ್ದಿನಜ್ಜಾ, ನಿನ್ನ ಬುಟ್ಟಿ ಅಲ್ಲೋ ಅದು!" ನಗು ಎದ್ದಿತು. ಇನ್ನೊಬ್ಬ, "ಅದಕ್ಕ ವರ್ಷ ವರ್ಷ ಮಾಸ್ತರ ಕೊಟ್ಟಿಗಿಗೆ ಹೋಗತಾನು, ನಾ ಕಂಡೇನಿ" ಎಂದ. ಮತ್ತೆ ನಗು. ಅದು ಮೊದಲ ನಗುವಿನಂತಿರಲಿಲ್ಲ. ಪರದೆಯ ಸಂದಿಯಿಂದ ನನಗೆ ಅಜ್ಜನ ಮುಖ ಕಾಣುತ್ತಿತ್ತು. ಅವರು ವೇಷದವನನ್ನು ನೋಡುತ್ತಿರಲಿಲ್ಲ, ಬುಟ್ಟಿಯನ್ನು ನೋಡುತ್ತಿದ್ದರು. ಅವರು ನನ್ನನ್ನೂ ನೋಡಿದರೇ? ನನ್ನ ನೆನಪು ಹೌದು ಎನ್ನುತ್ತದೆ. ಆದರೆ ಸಂದಿ ಅಷ್ಟು ಸಣ್ಣದಿತ್ತು, ಹೊರಗೆ ಅಷ್ಟು ಬಿಸಿಲಿತ್ತು. ಅವರಿಗೆ ನಾನು ಕಂಡಿರಲಾರೆ. ಅವರು ನೋಡಿರಬೇಕಿತ್ತು ಎಂದು ನಾನು ಬಯಸುತ್ತೇನೇನೋ.

ನಾಟಕ ಮುಗಿಯಿತು. ಅಜ್ಜ ಎದ್ದು ನಳಿಗೆಗಳ ಹತ್ತಿರ ಹೋದರು. ಪಂಜು ಹಿಡಿದ ಹುಡುಗರು ಸುತ್ತ ನಿಂತರು, ನಾನೂ ನಾಟಕದ ಹಾಳೆಗಳ ಕಟ್ಟು ಹಿಡಿದೇ ಕಟ್ಟೆ ಇಳಿದು ಬಂದೆ. ಒಬ್ಬ ಪ್ರಾಯದವನು ಮುಂದೆ ಬಂದು, "ಅಜ್ಜಾ, ಈ ಸಲ ಏನ್ ಬೆರಸೀದಿ? ಮೊದಲ ತೋರ್ಸು, ಆಮ್ಯಾಲೆ ಹಾರ್ಸು" ಎಂದ. ಹಿರಿಯರು ಅಲ್ಲೇ ಇದ್ದರು. ಅಪ್ಪನೂ ಇದ್ದರು. ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ. ಅಜ್ಜ ಮದ್ದಿನ ಡಬ್ಬಿ ಬಿಚ್ಚಿದರು. ಆಮೇಲೆ ತಿರುಗಿ, ಎಂದಿನ ದನಿಯಲ್ಲಿ, "ಸುಮವ್ವಾ, ಒಂದ ಹಾಳಿ ಕೊಡ ತಂಗಿ" ಎಂದರು. ನಾನು ಕೈಯಲ್ಲಿದ್ದ ಕಟ್ಟಿನಿಂದ ಒಂದು ಹಾಳೆ ಎಳೆದು ಕೊಟ್ಟೆ. ಯಾವುದೆಂದು ನೋಡಲಿಲ್ಲ. ಅವರು ಅದನ್ನು ಕಲ್ಲಿನ ಮೇಲೆ ಹಾಸಿ, ಚಿಟಿಕೆ ಮದ್ದು ಇಟ್ಟು, ಕೆಂಡ ಮುಟ್ಟಿಸಿದರು. ಫಸ್ಸೆಂದು ಹೊಗೆ ಎದ್ದಿತು. ಅಜ್ಜ ಹಾಳೆ ಎತ್ತಿ ಜಾಡಿಸಿ ಎಲ್ಲರಿಗೂ ತೋರಿಸಿದರು. ಒಂದು ಕಲೆಯಿಲ್ಲ. ಅಷ್ಟು ಶುದ್ಧ ಮದ್ದನ್ನು ನಾನು ಅವರ ಅಂಗಳದಲ್ಲೂ ಕಂಡಿರಲಿಲ್ಲ. ಆ ಪ್ರಾಯದವನು ಹಾಳೆಯನ್ನು ನೋಡಿ ಜನರ ಕಡೆ ತಿರುಗಿದ: "ನೋಡ್ರೆಪಾ! ಒಂದ ಹಾಳಿ ಸುಡೂ ತಾಕತ್ತಿಲ್ಲ ಇವನ ಮದ್ದಿಗೆ. ಸಗಣಿ ಅಲ್ಲದ ಮತ್ತೇನೈತಿ ಇದರಾಗ?"

ಹೌದು ಹೌದು ಎಂದಿತು ಜನ. ನಿರಪರಾಧದ ಸಾಕ್ಷಿಯನ್ನೇ ಅಪರಾಧದ ಸಾಕ್ಷಿಯಾಗಿ ಓದಿದ ಮಂದಿ ಅವರು. ಸುಡದ ಹಾಳೆ ಏನು ಹೇಳುತ್ತದೆ ಎಂದು ಬಲ್ಲವರು ಆ ಬಯಲಿನಲ್ಲಿ ಮೂರೇ ಜನ. ಅಜ್ಜ ಹೇಳಿದ್ದರೂ ಯಾರೂ ಕೇಳುತ್ತಿರಲಿಲ್ಲ. ಶಮಶಾದ್ ಕಟ್ಟೆಯ ಕೆಳಗೆ ಅಳುತ್ತಿದ್ದಳು. ಉಳಿದವಳು ನಾನು. ಮಾಸ್ತರರ ಮಗಳು. ನಾನು ಬಾಯಿಬಿಟ್ಟಿದ್ದರೆ ಒಂದು ಗಳಿಗೆಯಾದರೂ ಕೇಳುತ್ತಿದ್ದರು. "ಇಲ್ಲ, ಹಾಳೆ ಸುಡದಿದ್ದರೇನೇ ಮದ್ದು ಖರೆ" ಎಂಬಷ್ಟು ಸಣ್ಣ ಮಾತು. ನಾನು ಬಾಯಿಬಿಡಲಿಲ್ಲ. ಅಪ್ಪ ಪಕ್ಕದಲ್ಲಿದ್ದರು, ನಾಟಕ ಚೆನ್ನಾಗಿತ್ತೆಂದು ಯಾರೋ ಅವರ ಬೆನ್ನು ತಟ್ಟುತ್ತಿದ್ದರು. ಅಜ್ಜ ಡಬ್ಬಿಯ ಮದ್ದನ್ನೆಲ್ಲ ಗಟಾರದ ನೀರಿಗೆ ಸುರಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ನಳಿಗೆಗಳನ್ನು ಕಿತ್ತು ಹೆಗಲಿಗೆ ಹಾಕಿಕೊಂಡು ಹೋದರು. ಪಂಜು ಔಟಿಲ್ಲದೆ ಹೊರಟಿತು. ಬುಟ್ಟಿ ಕಟ್ಟೆಯ ಮೇಲೆ ಉಳಿಯಿತು; ಮರುದಿನ ಅದು ಅಲ್ಲಿರಲಿಲ್ಲ.

ಅಂದು ಮನೆಯಲ್ಲಿ ಅವ್ವ ಅಪ್ಪನಿಗೆ ಊಟ ಬಡಿಸಲಿಲ್ಲ. "ನಮ್ಮ ಕೊಟ್ಟಿಗಿ ಮಣ್ಣದು. ಕೊಟ್ಟಾವ್ರು ನಾವು. ಹಂಗಾದ್ರ ನಾವೂ ದ್ರೋಹಿಗಳೇನ್ರಿ?" ಎಂದಳು. ಅಪ್ಪ, "ನಾಟಕ ಅಂದ್ರ ನಾಟಕ. ನಾ ಎಲ್ಲೆರೆ ಅವರ ಹೆಸರು ಹಾಕೀನೇನು?" ಎಂದರು. "ಅಂಥಾ ಬುಟ್ಟಿಗೆ ಮತ್ತ ಹೆಸರು ಬ್ಯಾರೆ ಬೇಕೇನ್ರಿ?" ಎಂದು ಅವ್ವ ಪಾತ್ರೆ ಕುಕ್ಕಿದಳು. ಅಪ್ಪನಿಗೆ ಆ ಮಣ್ಣು ಯಾಕೆ ಎಂದು ಗೊತ್ತಿತ್ತು. ಇಪ್ಪತ್ತು ವರ್ಷ ತಮ್ಮದೇ ಕೊಟ್ಟಿಗೆಯಲ್ಲಿ ಅಜ್ಜನನ್ನು ಕಂಡವರಿಗೆ ಗೊತ್ತಿರದೆ ಹೇಗಿರುತ್ತದೆ?

ಮುಂದಿನ ವರ್ಷ ಓಣಿಯವರು ಬೆಳಗಾವಿಯಿಂದ ಪಟಾಕಿ ಸರ ತಂದರು. ಮದುವೆಯವರೂ ಅಂಗಡಿಗೆ ಹೋದರು. ಸಾಲೆಯಲ್ಲಿ ಶಮಶಾದಳನ್ನು ಸಗಣಿ ಎಂದು ಕರೆದರು. ಅವಳು ನನ್ನ ಬೆಂಚು ಬಿಟ್ಟು ಹಿಂದಿನ ಸಾಲಿಗೆ ಹೋದಳು, ನಾನು ಕರೆಯಲಿಲ್ಲ. ಎರಡು ವರ್ಷದಲ್ಲಿ ಮಕ್ತುಮ ಕಾಕಾ ರಾಮದುರ್ಗದಲ್ಲಿ ಗಾಡಿ ಹೊಡೆಯುವ ಕೆಲಸ ಹಿಡಿದು ಎಲ್ಲರನ್ನೂ ಕರೆದೊಯ್ದರು. ಟೆಂಪೊ ಓಣಿ ದಾಟುವಾಗ ನಾನು ಕೊಟ್ಟಿಗೆಯೊಳಗಿದ್ದೆ. ಗ್ವಾದಲಿಯ ಬುಡ ಆ ವರ್ಷ ಯಾರೂ ಕೆರೆಯದೆ ದಪ್ಪಗೆ ಬೆಳ್ಳಗಾಗಿತ್ತು. ಅವರ ಮನೆಯನ್ನು ಕೆಡವಿ ಈಗ ಸಿಮೆಂಟು ಗೋದಾಮು ಕಟ್ಟಿದ್ದಾರೆ.

ಸವದತ್ತಿಯಲ್ಲಿ ಗೋಡೆಯ ಉಪ್ಪು ನೆಕ್ಕಿದ ವಾರ ನಾನು ಊರಿಗೆ ಹೋಗಿ ಹಳೆಯ ದಿನಚರಿಗಳನ್ನು ಹುಡುಕಿದೆ. ಅಪ್ಪ ತಮ್ಮ ಸಾಲೆಯ ಹಳೆಯ ಡೈರಿಗಳಲ್ಲಿ ಉಳಿದ ಹಾಳೆಗಳನ್ನು ನನಗೆ ಕೊಡುತ್ತಿದ್ದರು, ನಾನು ದಿನವೂ ನಾಲ್ಕು ಸಾಲು ಬರೆಯುತ್ತಿದ್ದೆ. ಅಪ್ಪನ ತಪ್ಪಿಗೆ ಸಾಕ್ಷಿ ಬೇಕಿತ್ತು ನನಗೆ. ಸಿಕ್ಕಿತು. ಅದೇ ದುಂಡಗಿನ ಅಕ್ಷರ: "ಅಪ್ಪನಿಗೆ ಕತೆ ಮುಂದೆ ಹೋಗುತ್ತಿರಲಿಲ್ಲ. ಅಜ್ಜ ನಮ್ಮ ಕೊಟ್ಟಿಗೆಯ ಮಣ್ಣು ಮದ್ದಿಗೆ ಹಾಕುವುದನ್ನು ನಾನೇ ನೆನಪಿಸಿದೆ. ಅಪ್ಪ ನಕ್ಕು ಬರೆದರು. ಬುಟ್ಟಿಯನ್ನೂ ನಾನೇ ತರುತ್ತೇನೆ ಅಂದೆ. ಅಪ್ಪ ಶಾಬಾಸ್ ಅಂದರು." ಕೆಳಗೆ ಒಂದು ನಕ್ಷತ್ರ ಬಿಡಿಸಿದ್ದೆ. ಮೂರನೇ ಔಟಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಆಣೆಯನ್ನು ಕಾದಿದ್ದೆನೋ, ಕತೆಗೆ ಬೇಡವೆಂದು ಬಿಟ್ಟಿದ್ದೆನೋ, ದಿನಚರಿ ಹೇಳುವುದಿಲ್ಲ. ಕೋಟೆ ಬಿದ್ದ ಕತೆಯನ್ನು ಒಂದು ಬುಟ್ಟಿಗೆ ಇಳಿಸಿದವರ ಮೇಲೆ ಸಿಟ್ಟಾಗಿದ್ದ ನಾನು ಇಷ್ಟು ವರ್ಷ ನನ್ನ ಪಾಲಿನದನ್ನೆಲ್ಲ ಅಪ್ಪನೊಬ್ಬನ ತಲೆಗೆ ಹೊರಿಸಿದ್ದೆ. ಕೆಲಸ ಒಂದೇ. ನಾನೂ ಆ ಕಸುಬಿನವಳೇ.

ಮರುವಾರ ಸವದತ್ತಿಯಿಂದ ರಾಮದುರ್ಗದ ಬಸ್ಸು ಹತ್ತಿದೆ. ಶಮಶಾದಳ ಮನೆ ಕೇಳಿಕೊಂಡು ಹೋದೆ. ಹೊಸ್ತಿಲ ಹತ್ತಿರ ನನ್ನ ಕೈ ತಾನಾಗಿ ಕಾಲಿನ ಕಡೆ ಇಳಿಯಿತು, ಬಿಚ್ಚಲು. ನಾನು ಗೆಜ್ಜೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಶಮಶಾದ್ ಒಳಗಿನಿಂದ ನೋಡಿದಳು. "ಹಂಗ ಬಾ. ಇಲ್ಲೆ ಮದ್ದಿಲ್ಲ" ಎಂದಳು. ಅಜ್ಜ, ಖಾತೂನಮ್ಮ ಇಬ್ಬರೂ ತೀರಿಕೊಂಡಿದ್ದರು. ಅವಳು ಹೊಲಿಗೆ ಮಶಿನ್ನಿನ ಮುಂದೆ ಕೂತಿದ್ದಳು, ಚಹಾ ಕೊಟ್ಟಳು. ನಾನು ದಿನಚರಿಯ ಸಾಲುಗಳನ್ನು ಓದಿ ಹೇಳಿದೆ. ಅವಳು ದಾರ ಪೋಣಿಸುತ್ತ ಕೇಳಿದಳು.

"ಇದ ಹೇಳಾಕ ಬಸ್ ಹತ್ತಿ ಬಂದೀ ಏನು?" ಎಂದಳು. "ಅಜ್ಜಗ ಅವತ್ತ ಗೊತ್ತಿತ್ತು. ಕೊಟ್ಟಿಗಿ ಮಣ್ಣಿನ ಮಾತ ನಾಟಕಕ್ಕ ನೀ ಅಲ್ಲದ ಮತ್ಯಾರು ಹೇಳ್ಯಾರು? 'ಹುಡುಗಿ ಖರೆನ ಹೇಳ್ಯಾಳ, ಅವ್ರು ಮುಂದಿಂದು ಕೇಳಲಿಲ್ಲ' ಅಂತಿದ್ದ."

"ಶಮಶಾದ್, ನಾ ಅವತ್ತ ಒಂದ ಮಾತ…"

"ಆಡಲಿಲ್ಲ. ನಾನೂ ಆಡಲಿಲ್ಲ. ನನಗ ಅಳು ಬಂದಿತ್ತು. ನಿನಗೇನ ಬಂದಿತ್ತು?"

ಅವಳು ಎದ್ದು ಗೋಡೆಯ ಕಡೆ ಕೈ ತೋರಿಸಿದಳು. ಕಾಬಾದ ಚಿತ್ರದ ಪಕ್ಕದಲ್ಲಿ ಗಾಜು ಹಾಕಿಸಿದ ಒಂದು ಹಾಳೆ ತೂಗುತ್ತಿತ್ತು. ನಾಲ್ಕು ಮಡಿಕೆಯ ಗೆರೆಗಳು, ನೀಲಿ ಶಾಯಿ, ನನ್ನ ಅಕ್ಷರ. ಅಜ್ಜ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರಂತೆ. ನೋಡ್ರಿ, ಇದರ ಮ್ಯಾಲೆ ಮದ್ದು ಉರಿದೈತಿ, ಒಂದ ಕಲಿ ಐತೇನು ಹುಡುಕ್ರಿ, ಇಂಥಾ ಮದ್ದು ನಾ ಮತ್ತ ಮಾಡಲಿಲ್ಲ ಎನ್ನುತ್ತಿದ್ದರಂತೆ. ನಾನು ಹತ್ತಿರ ಹೋಗಿ ಓದಿದೆ. ಮದ್ದಿನವನು ಸಾಹೇಬನಿಗೆ ಸಲಾಮು ಹೊಡೆದು ಆಡುವ ಮಾತು: "ಸಗಣಿ ಬೆರೆಸಿದ ಈ ಮದ್ದು ಇನ್ನು ಉರಿಯದು, ದೊರೆ. ಕೋಟೆ ನಿಮ್ಮದೇ."

"ಅಜ್ಜಗ ಕನ್ನಡ ಓದಾಕ ಬರತಿರಲಿಲ್ಲ" ಎಂದಳು ಶಮಶಾದ್. "ಏನ ಬರದೈತಿ ಇದರಾಗ ಅಂತ ಒಂದ ಸಲ ಕೇಳಿದ್ದ. ರಾಣಿ ಹೆಸರ ಬರದೈತಿ ಅಂದೆ. 'ಸುಮವ್ವನ ಅಕ್ಷರ ಮುತ್ತಿನಂಗ ಅದಾವ' ಅಂತ ಕಟ್ಟ ಹಾಕಿಸಿದ."

ನಾನು ಹಾಳೆಯನ್ನು ಕೊಡುತ್ತೀಯಾ ಎಂದು ಕೇಳಿದೆ. ಹರಿದು ಹಾಕುತ್ತೇನೆ ಎಂದೂ ಹೇಳಿರಬೇಕು. ಅವಳು ತಲೆ ಅಲ್ಲಾಡಿಸಿದಳು. "ಅದು ನಿಂದಲ್ಲ. ಅಜ್ಜಂದು. ನೀ ಬರದದ್ದು ಒಂದ ಕಡಿಗಿರಲಿ. ಆಂವ ಅದರ ಮ್ಯಾಲೆ ಮಾಡಿ ತೋರ್ಸಿದ್ದೈತಲ್ಲ, ಅದು ಬಿಡಿಸಿ ಕೊಡಾಕ ಬರೂದಿಲ್ಲ." ಬಾಗಿಲ ತನಕ ಬಂದಳು. ಮತ್ತೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಆ ವರ್ಷ ಪಂಜು ಹೊರಡುವ ದಿನ ನಾನು ಸವದತ್ತಿಯಲ್ಲೇ ಇದ್ದೆ. ಸಂಜೆ ಎಲ್ಲಿಯೋ ಕಿತ್ತೂರಿನ ಹೆಸರಲ್ಲಿ ಪಟಾಕಿ ಸರ ಹಚ್ಚಿದರು. ಸರಕ್ಕೆ ಲೆಕ್ಕವಿರುವುದಿಲ್ಲ, ಒಂದರ ಬೆನ್ನಿಗೆ ಒಂದು ಸಿಡಿದು, ಯಾರಿಗೆ ಯಾವುದು ಎಂದು ತಿಳಿಯುವ ಮೊದಲೇ ಮುಗಿದುಹೋಗುತ್ತದೆ. ಮನೆಯೊಡತಿ ಹಿತ್ತಿಲ ಗೋಡೆಗೆ ಸುಣ್ಣ ಬಳಿಸಿದ್ದಳು. ಬುಡದಲ್ಲಿ ಉಪ್ಪು ಅದನ್ನು ಆಗಲೇ ಎಬ್ಬಿಸಿ ಹೊರಗೆ ಬರುತ್ತಿತ್ತು. ನಾನು ಅಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಔಟು ಎಣಿಸಿದೆ. ರಾಣಿಗೊಂದು ಆಯಿತು. ಒಳಗಿನವರಿಗೊಂದು ಆಯಿತು. ಬಯಲಿನಲ್ಲಿ ಬಿಳಿ ಅಂಗಿಯ ಅಜ್ಜ ಕೆಂಡ ಹಿಡಿದು ಸುಮ್ಮನೆ ನಿಂತಿದ್ದಾರೆ. ಹೊರಗಿನವರಿಗೆ ದಾರಿ ದೂರ. ತುಸು ತಡೆಯಬೇಕು.